ಸ್ತಂಭ ನಕ್ಷೆ: ಶೂನ್ಯದಿಂದ ಆರಂಭವಾಗದ ಅಕ್ಷವೂ, ಕುಳ್ಳಾದ ಉಡುಪಿಯೂ

2011ರ ಜನಗಣತಿಯಂತೆ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತಾ ಪ್ರಮಾಣ ಶೇ 88.57. ಬೆಂಗಳೂರು ನಗರ ಜಿಲ್ಲೆಯದು ಶೇ 87.67, ಉಡುಪಿಯದು ಶೇ 86.24. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ ಎರಡೂವರೆ ಶೇಕಡಾ ಅಂಶಕ್ಕಿಂತ ಕಡಿಮೆ. ಈ ಮೂರು ಅಂಕಿಗಳನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಿ, ಆಲ್ಟ್ ಮತ್ತು ಎಫ್1 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕ್ಷಣಾರ್ಧದಲ್ಲಿ ಸ್ತಂಭ ನಕ್ಷೆ, ಅಂದರೆ ಕಚೇರಿಗಳಲ್ಲಿ ಬಾರ್ ಚಾರ್ಟ್ ಎಂದೇ ಪರಿಚಿತವಾದ ಚಿತ್ರ ಸಿದ್ಧವಾಗುತ್ತದೆ. ಆದರೆ ಅದರಲ್ಲಿ ಉಡುಪಿಯ ಸ್ತಂಭ ದಕ್ಷಿಣ ಕನ್ನಡದ ಸ್ತಂಭದ ಸುಮಾರು ಮೂರನೇ ಒಂದು ಭಾಗದಷ್ಟು ಮಾತ್ರ ಎತ್ತರವಿರುತ್ತದೆ! 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಈ ಎರಡು ಪ್ರದೇಶಗಳ ನಡುವೆ ಅಜಗಜಾಂತರವಿದೆಯೆಂದು ಅವಸರದ ಓದುಗ ನಂಬಿದರೆ ತಪ್ಪು ಆತನದಲ್ಲ.

ತಪ್ಪು ಇರುವುದು ಲಂಬ ಅಕ್ಷದಲ್ಲಿ. ಅದು ಸೊನ್ನೆಯಿಂದ ಆರಂಭವಾಗದೆ 85ರಿಂದ ಆರಂಭವಾಗಿರುತ್ತದೆ. ಹೀಗಾಗಿ 86.24ರ ಬದಲು 1.24ರಷ್ಟು, 88.57ರ ಬದಲು 3.57ರಷ್ಟು ಎತ್ತರದ ಸ್ತಂಭಗಳು ಮಾತ್ರ ಕಣ್ಣಿಗೆ ಬೀಳುತ್ತವೆ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಅಂಕಿಗಳೆಲ್ಲ ಧನಾತ್ಮಕವಾಗಿದ್ದು, ಗರಿಷ್ಠ ಹಾಗೂ ಕನಿಷ್ಠ ಅಂಕಿಗಳ ನಡುವಣ ವ್ಯತ್ಯಾಸ ಗರಿಷ್ಠ ಅಂಕಿಯ ಆರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಎಕ್ಸೆಲ್ ತಾನಾಗಿಯೇ ಅಕ್ಷದ ಬುಡವನ್ನು ಮೇಲಕ್ಕೆತ್ತುತ್ತದೆ. ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಸೊನ್ನೆಯಿಂದ ಆರಂಭಿಸುತ್ತದೆ.

ಇದರ ವಿಚಿತ್ರ ಪರಿಣಾಮವನ್ನು ನೋಡಬೇಕಿದ್ದರೆ ಅದೇ ಪಟ್ಟಿಗೆ ಯಾದಗಿರಿ ಜಿಲ್ಲೆಯ ಶೇ 51.83ನ್ನು ಸೇರಿಸಬೇಕು. ಅಕ್ಷ ತಕ್ಷಣ ಸೊನ್ನೆಗೆ ಇಳಿಯುತ್ತದೆ; ಮೊದಲಿನ ಮೂರೂ ಜಿಲ್ಲೆಗಳು ಹೆಚ್ಚುಕಡಿಮೆ ಸಮಾನ ಎತ್ತರದಲ್ಲಿ ನಿಲ್ಲುತ್ತವೆ. ಉಡುಪಿಯ ಅಂಕಿ ಒಂದಿಷ್ಟೂ ಬದಲಾಗಿಲ್ಲ. ಪಕ್ಕದಲ್ಲಿ ಬಂದು ನಿಂತವರು ಯಾರೆಂಬುದಷ್ಟೇ ಬದಲಾಗಿದೆ.

ಸ್ತಂಭ ನಕ್ಷೆಯ ಜನಕನೆಂದು ಪರಿಗಣಿಸಲಾಗುವ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನ ನಾಡಿನ ಆಮದು ಹಾಗೂ ರಫ್ತನ್ನು ಪಟ್ಟಿಗಳ ಉದ್ದದ ಮೂಲಕ ತೋರಿಸಿದ್ದ. ಉದ್ದವೇ ಮೌಲ್ಯ ಎಂಬುದು ಈ ನಕ್ಷೆಯ ಮೂಲ ಒಪ್ಪಂದ. ಬುಡ ಕತ್ತರಿಸಿದರೆ ಆ ಒಪ್ಪಂದ ಮುರಿಯುತ್ತದೆ. ರೇಖಾ ನಕ್ಷೆಗೆ ಈ ಕಟ್ಟುಪಾಡು ಇಲ್ಲ. ಅಲ್ಲಿ ಕಣ್ಣು ಹಿಂಬಾಲಿಸುವುದು ಏರಿಳಿತವನ್ನು. ರೋಗಿಯ ಜ್ವರದ ನಕ್ಷೆಯನ್ನು ಸೊನ್ನೆ ಡಿಗ್ರಿಯಿಂದ ಬರೆಯಲು ಹೊರಟರೆ ವೈದ್ಯರಿಗೆ ಏನೂ ತಿಳಿಯದು.

ಕಾಲದೊಂದಿಗೆ ಹೋಲಿಕೆ ಮಾಡುವಾಗ ಈ ದೋಷ ಇನ್ನಷ್ಟು ದಾರಿ ತಪ್ಪಿಸುತ್ತದೆ. ಕರ್ನಾಟಕದ ಸಾಕ್ಷರತೆ 2001ರಲ್ಲಿ ಶೇ 66.64 ಇದ್ದದ್ದು 2011ರಲ್ಲಿ ಶೇ 75.36ಕ್ಕೆ ಏರಿತು. ನಿಜಕ್ಕೂ ಒಳ್ಳೆಯ ಸಾಧನೆಯೇ. ಆದರೆ ಅಕ್ಷವನ್ನು 60ರಿಂದ ಆರಂಭಿಸಿದರೆ ಎರಡನೇ ಸ್ತಂಭ ಮೊದಲಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ ಬೆಳೆದು ನಿಲ್ಲುತ್ತದೆ. ಪ್ರಚಾರದ ಕರಪತ್ರಗಳಿಗೆ ಇಂತಹ ಚಿತ್ರವೇ ಪ್ರಿಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸರಿಪಡಿಸುವ ಕ್ರಮ ಸರಳ. ಎಕ್ಸೆಲ್ 2013 ಹಾಗೂ ನಂತರದ ಆವೃತ್ತಿಗಳಲ್ಲಿ ಲಂಬ ಅಕ್ಷದ ಅಂಕಿಗಳ ಮೇಲೆ ಒಮ್ಮೆ ಕ್ಲಿಕ್ಕಿಸಿ ಕಂಟ್ರೋಲ್ ಮತ್ತು 1 ಕೀಲಿಗಳನ್ನು ಒತ್ತಿದರೆ ಬಲಬದಿಯಲ್ಲಿ ‘ಫಾರ್ಮ್ಯಾಟ್ ಆಕ್ಸಿಸ್’ ಫಲಕ ತೆರೆದುಕೊಳ್ಳುತ್ತದೆ. ‘ಬೌಂಡ್ಸ್’ ವಿಭಾಗದ ‘ಮಿನಿಮಮ್’ ಎಂಬಲ್ಲಿ 0 ಎಂದು ನಮೂದಿಸಿದರಾಯಿತು. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವವರು ಮೊದಲು ನಕ್ಷೆಯ ಮೇಲೆ ಎರಡು ಬಾರಿ ಕ್ಲಿಕ್ಕಿಸಿ ಒಳಹೊಕ್ಕು, ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ, ‘ಸ್ಕೇಲಿಂಗ್’ ಪುಟದಲ್ಲಿ ಕನಿಷ್ಠ ಮೌಲ್ಯದ ಎದುರಿನ ‘ಆಟೋಮ್ಯಾಟಿಕ್’ ಗುರುತನ್ನು ತೆಗೆಯಬೇಕು.

ಸೊನ್ನೆಯಿಂದ ಆರಂಭಿಸಿದರೆ ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲವಲ್ಲ ಎಂಬ ಆಕ್ಷೇಪ ಸಹಜ. ವ್ಯತ್ಯಾಸವೇ ಮುಖ್ಯವೆಂದಾದರೆ ಸ್ತಂಭದ ತುದಿಯಲ್ಲಿ ಅಂಕಿಯನ್ನು ಬರೆಯಬಹುದು. ‘ಡೇಟಾ ಲೇಬಲ್ಸ್’ ಇರುವುದೇ ಅದಕ್ಕೆ. ಅಂಕಿ ಬರೆದ ಮೇಲೆ ಹಿನ್ನೆಲೆಯ ಅಡ್ಡಗೆರೆಗಳು ಅನಗತ್ಯ, ಅಳಿಸಿಬಿಡಬಹುದು.

ಕನ್ನಡದಲ್ಲಿ ನಕ್ಷೆ ಬರೆಯುವವರಿಗೆ ಬೇರೆಯದೇ ತೊಡಕುಗಳಿವೆ. ಮೊದಲನೆಯದು ಉದ್ದನೆಯ ಹೆಸರುಗಳು. ‘ಬೆಂಗಳೂರು ಗ್ರಾಮಾಂತರ’, ‘ಚಿಕ್ಕಬಳ್ಳಾಪುರ’ದಂತಹವು ಲಂಬ ಸ್ತಂಭಗಳ ಅಡಿಯಲ್ಲಿ ಹಿಡಿಸದೆ ಓರೆಯಾಗಿ ವಾಲಿಕೊಳ್ಳುತ್ತವೆ, ಒತ್ತಕ್ಷರಗಳಿದ್ದರಂತೂ ಓದುವುದೇ ದುಸ್ತರ. ಇಂತಹ ಕಡೆ ಅಡ್ಡ ಸ್ತಂಭಗಳೇ ಲೇಸು. ಎಕ್ಸೆಲ್‌ನ ಪರಿಭಾಷೆಯಲ್ಲಿ ‘ಕಾಲಮ್’ ಎಂದರೆ ನಿಂತದ್ದು, ‘ಬಾರ್’ ಎಂದರೆ ಮಲಗಿದ್ದು. ಆದರೆ ಮಲಗಿಸಿದೊಡನೆ ಪಟ್ಟಿಯ ಮೊದಲ ಜಿಲ್ಲೆ ಎಲ್ಲಕ್ಕಿಂತ ಕೆಳಗೆ ಹೋಗಿ ಕುಳಿತುಕೊಳ್ಳುತ್ತದೆ! ಹೆಸರುಗಳಿರುವ ಅಕ್ಷವನ್ನು ಆಯ್ದು ‘ಕೆಟಗರೀಸ್ ಇನ್ ರಿವರ್ಸ್ ಆರ್ಡರ್’ ಎಂಬಲ್ಲಿ ಗುರುತು ಹಾಕಿದರೆ ಕ್ರಮ ಸರಿಹೋಗುತ್ತದೆ. ಆಗ ಅಂಕಿಗಳ ಅಕ್ಷ ಮೇಲಕ್ಕೆ ನೆಗೆಯುತ್ತದೆ. ಅದನ್ನು ಕೆಳಗಿಳಿಸಲು ಅದೇ ಫಲಕದಲ್ಲಿ ‘ಅಟ್ ಮ್ಯಾಕ್ಸಿಮಮ್ ಕೆಟಗರಿ’ ಆಯ್ಕೆಯಿದೆ.

ಎರಡನೆಯದು ಅಕ್ಷರ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಿಸಿದ ಹೆಸರುಗಳು ಹಾಳೆಯಲ್ಲಿ ಅಚ್ಚುಕಟ್ಟಾಗಿದ್ದರೂ ನಕ್ಷೆಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಬರುತ್ತವೆ. ನಕ್ಷೆ ತನ್ನದೇ ಫಾಂಟ್ ಬಳಸುವುದು ಇದಕ್ಕೆ ಕಾರಣ. ನಕ್ಷೆಗೂ ಅದೇ ಫಾಂಟ್ ಹಚ್ಚುವುದು ತಾತ್ಕಾಲಿಕ ಶಮನ; ಪಠ್ಯವನ್ನೇ ಯೂನಿಕೋಡ್‌ಗೆ ಪರಿವರ್ತಿಸಿ ತುಂಗಾ ಅಥವಾ ನಿರ್ಮಲಾ ಯುಐ ಬಳಸುವುದು ಶಾಶ್ವತ ಪರಿಹಾರ.

ಬಣ್ಣದ ವಿಷಯದಲ್ಲಿ ಮಿತವ್ಯಯವೇ ಮೇಲು. ಎಲ್ಲ ಸ್ತಂಭಗಳಿಗೂ ಬೂದು ಬಣ್ಣ ಕೊಟ್ಟು, ಹೇಳಬೇಕಾದ ಒಂದಕ್ಕೆ ಮಾತ್ರ ಗಾಢ ವರ್ಣ ಬಳಿದರೆ ಸಾಕು. ಮೊದಲ ಕ್ಲಿಕ್‌ಗೆ ಸ್ತಂಭಗಳೆಲ್ಲವೂ, ಎರಡನೆಯದಕ್ಕೆ ಅದೊಂದೇ ಸ್ತಂಭವೂ ಆಯ್ಕೆಯಾಗುತ್ತದೆ. ಕೆಂಪು-ಹಸಿರು ಜೋಡಿಯನ್ನು ವರ್ಣಾಂಧತೆ ಇರುವವರು ಗುರುತಿಸಲಾರರು. ಕಪ್ಪು-ಬಿಳುಪು ಜೆರಾಕ್ಸ್ ಪ್ರತಿಯಲ್ಲಿ ಉಳಿದವರೂ ಗುರುತಿಸಲಾರರು. ಸ್ತಂಭಗಳು ತೆಳ್ಳಗೆ ಕಂಡರೆ ‘ಗ್ಯಾಪ್ ವಿಡ್ತ್’ ತಗ್ಗಿಸಬೇಕು. ತ್ರೀ-ಡಿ ಅಲಂಕಾರದ ಮೋಹವನ್ನಂತೂ ಬಿಡುವುದೇ ಕ್ಷೇಮ. ಅದರಲ್ಲಿ ಸ್ತಂಭದ ತುದಿ ಯಾವ ಗೆರೆಯನ್ನು ಮುಟ್ಟಿದೆ ಎಂಬುದೇ ತಿಳಿಯುವುದಿಲ್ಲ.

ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಡುವಾಗ ಕನಿಷ್ಠ ಮೌಲ್ಯದಷ್ಟೇ ಗರಿಷ್ಠವನ್ನೂ ಗಮನಿಸಬೇಕು. 2011ರಲ್ಲಿ ರಾಜ್ಯದ ಪುರುಷರ ಸಾಕ್ಷರತೆ ಶೇ 82.47, ಮಹಿಳೆಯರದು ಶೇ 68.08. ಜಿಲ್ಲಾವಾರು ಅಂಕಿಗಳಿಂದ ಪುರುಷರಿಗೊಂದು, ಮಹಿಳೆಯರಿಗೊಂದು ನಕ್ಷೆ ಬರೆದು ಅಕ್ಷಗಳನ್ನು ತಂತ್ರಾಂಶದ ಮರ್ಜಿಗೆ ಬಿಟ್ಟರೆ ಎರಡರ ಅಳತೆಯೂ ಬೇರೆಬೇರೆಯಾಗಿ, ಹದಿನಾಲ್ಕು ಅಂಶಗಳ ಆ ಅಂತರ ಕಣ್ಣಿಗೆ ಬೀಳದೇ ಹೋಗಬಹುದು. ಎರಡಕ್ಕೂ 0 ಮತ್ತು 100 ಎಂದು ಕೈಯಾರೆ ನಮೂದಿಸಿದರೆ ಅಂತರ ಇದ್ದಷ್ಟೇ ಕಾಣುತ್ತದೆ.