ಬೇರೆ ಶಾಲೆ, ಒಂದೇ ಶಾಲೆ, ನಮ್ಮದೇ ವಸತಿಗೃಹ: ಕುದ್ಮುಲ್ ರಂಗರಾಯರನ್ನು ಗಡಿಯಿಂದ ಓದುವುದು

ಧರ್ಮಶ್ರದ್ಧೆಯಿಂದ ಹುಟ್ಟಿದ ಸಾಮಾಜಿಕ ಕೆಲಸ ಅಂದ ಕೂಡಲೇ ನಮ್ಮ ಕನ್ನಡ ವಿಭಾಗಗಳಲ್ಲಿ ವಚನ ಚಳವಳಿ, ಮಠಗಳ ಪ್ರಸಾದ ನಿಲಯ, ಬಾಸೆಲ್ ಮಿಷನ್ನಿನ ಅಚ್ಚುಕೂಟ ಇವುಗಳ ಮಾತು ಬರುತ್ತದೆ. ನಾನು ಈ ಹೊತ್ತು ಒಬ್ಬ ವ್ಯಕ್ತಿ ಮತ್ತು ಒಂದು ಶಾಲೆಯನ್ನು ಇಟ್ಟುಕೊಂಡು ಮಾತಾಡ್ತೇನೆ. ವ್ಯಕ್ತಿ ಕುದ್ಮುಲ್ ರಂಗರಾಯರು. ಶಾಲೆ ಅವರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ತೆರೆದದ್ದು. ಕರುಣೆಯಿಂದ ಶುರುವಾದ ಕೆಲಸ ಯಾವ ಹಂತದಲ್ಲಿ ಘನತೆಯ ಕೆಲಸವಾಗುತ್ತದೆ, ಯಾವಾಗ ಆಗುವುದಿಲ್ಲ? ಇದು ನನ್ನ ಪ್ರಶ್ನೆ.

ಕುದ್ಮುಲ್ ಯಾವ ಕಡೆ?

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಆಗಿನ ಕಾಸರಗೋಡು ತಾಲ್ಲೂಕಿನ ಕುದ್ಮುಲ್ ಎಂಬ ಹಳ್ಳಿಯಲ್ಲಿ, ಒಂದು ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಲ್ಲಿಂದ ಮಂಗಳೂರಿಗೆ ಹೋಗುವುದು ಅಂದ್ರೆ ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಹೋದ ಹಾಗೆ, ಅಷ್ಟೆ. 1956ರ ನವೆಂಬರ್ 1ರ ನಂತರ ಹುಟ್ಟೂರು ಕೇರಳದಲ್ಲಿ ಉಳಿಯಿತು, ಕರ್ಮಭೂಮಿ ಕರ್ನಾಟಕದಲ್ಲಿ ಉಳಿಯಿತು.

ಇದರ ಪರಿಣಾಮ ನನ್ನಂಥ ಗಡಿನಾಡ ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತು. ಕೇರಳದ ಸಮಾಜ ಸುಧಾರಣೆ ಅಂದರೆ ನಮ್ಮ ಕಿವಿಗೆ ಬೀಳುವ ಹೆಸರುಗಳು ಶ್ರೀ ನಾರಾಯಣ ಗುರು, ಅಯ್ಯಂಕಾಳಿ. ರಂಗರಾಯರು ಆ ಸಾಲಿನಲ್ಲಿ ಬರುವುದಿಲ್ಲ, ಯಾಕೆಂದರೆ ಅವರು 'ಮಂಗಳೂರಿನವರು'. ಮಂಗಳೂರಿನಲ್ಲಿ ಪುರಭವನಕ್ಕೆ ಅವರ ಹೆಸರಿದೆ, ಆದರೆ ಕುದ್ಮುಲ್ ಎಂಬುದು ಊರಿನ ಹೆಸರು ಅನ್ನುವುದು ಅಲ್ಲಿ ಎಷ್ಟು ಜನರಿಗೆ ನೆನಪಿದೆಯೋ. ಇದರಿಂದ ನಷ್ಟ ಇದ್ದ ಹಾಗೆ ಲಾಭವೂ ಉಂಟು. ಎರಡೂ ಕಡೆಯ ಚರಿತ್ರೆ ಓದಬೇಕಾದ ನಮಗೆ ರಂಗರಾಯರನ್ನು ಅಯ್ಯಂಕಾಳಿಯವರ ಪಕ್ಕದಲ್ಲಿ ಇಟ್ಟು ನೋಡುವ ಅವಕಾಶ ತಾನಾಗಿಯೇ ಸಿಗುತ್ತದೆ.

ಕಾಗದದ ಮೇಲೆ ತೆರೆದ ಬಾಗಿಲು

1892ಕ್ಕೆ ಹೋಗುವ ಮೊದಲು ಸ್ವಲ್ಪ ಹಿಂದೆ ಹೋಗಬೇಕು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಮಹಾರ್ ಹುಡುಗನೊಬ್ಬ ಅರ್ಜಿ ಕೊಟ್ಟ. ಪ್ರವೇಶ ಸಿಗಲಿಲ್ಲ. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಬಿಟ್ಟುಹೋಗುತ್ತಾರೆ ಅನ್ನುವುದು ಬಾಂಬೆ ಸರ್ಕಾರದ ವಾದ. ವಿಷಯ ಲಂಡನ್ನಿನವರೆಗೂ ಹೋಗಿ, ಸರ್ಕಾರದ ಹಣದಿಂದ ನಡೆಯುವ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂಬ ತತ್ವವನ್ನು ಅಲ್ಲಿಯ ಅಧಿಕಾರಿಗಳು ಒಪ್ಪಿದರು. ಆದರೆ ತತ್ವ ಕಾಗದದಲ್ಲಿತ್ತು, ಬೆಂಚಿನ ಮೇಲೆ ಜಾಗ ಇರಲಿಲ್ಲ.

1882ರ ಹಂಟರ್ ಆಯೋಗವೂ ಇದೇ ಗೊಂದಲದಲ್ಲಿ ಸಿಕ್ಕಿಕೊಂಡಿತು. ಜಾತಿಯ ಕಾರಣಕ್ಕೆ ಯಾರನ್ನೂ ನಿರಾಕರಿಸಬಾರದು ಎಂದು ಒಂದು ಕಡೆ ಹೇಳಿ, ಕೆಳಜಾತಿಯ ಮಕ್ಕಳಿಗೆ ವಿಶೇಷ ಶಾಲೆ ಅಥವಾ ತರಗತಿಗಳನ್ನು ಪ್ರೋತ್ಸಾಹಿಸಬೇಕು ಎಂದು ಇನ್ನೊಂದು ಕಡೆ ಹೇಳಿತು. 1893ರಲ್ಲಿ ಮದ್ರಾಸ್ ಸರ್ಕಾರ 'ಪಂಚಮ' ಮಕ್ಕಳ ಶಿಕ್ಷಣಕ್ಕೆ ವಿಶೇಷ ನೆರವಿನ ಆದೇಶ ಹೊರಡಿಸಿತು. ರಂಗರಾಯರ ಶಾಲೆ ಅದಕ್ಕಿಂತ ಒಂದು ವರ್ಷ ಮೊದಲೇ ಶುರುವಾಗಿತ್ತು ಎಂಬುದನ್ನು ಗಮನಿಸಿ.

ಬ್ರಾಹ್ಮ ಸಮಾಜದೊಳಗಿನ ಚಾಪೆ

ಈ ಕೆಲಸದ ಹಿಂದಿನ ಶ್ರದ್ಧೆ ಯಾವುದು? ಒಬ್ಬನೇ ನಿರಾಕಾರ ದೇವರು, ಅವನ ಮುಂದೆ ಜಾತಿಯಿಲ್ಲ ಎಂಬ ಬ್ರಾಹ್ಮ ಸಮಾಜದ ನಂಬಿಕೆ. ಅದು ಮಂಗಳೂರಿಗೆ ಬಂದ ಬಗೆಯೂ ತಿಳಿಯಬೇಕಾದದ್ದೇ. 1834ರಿಂದ ಅಲ್ಲಿ ನೆಲೆಯೂರಿದ್ದ ಬಾಸೆಲ್ ಮಿಷನ್ ಶಾಲೆ, ಅಚ್ಚುಕೂಟ, ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ಕಟ್ಟಿತ್ತು. ಮತಾಂತರವಾದವರಲ್ಲಿ ಬಿಲ್ಲವರು ಬಹಳ. ಮತಾಂತರವಾಗದೆಯೇ ಮಾನವಾಗಿ ಬದುಕುವ ದಾರಿ ಇದೆಯೇ ಎಂದು ಹುಡುಕುತ್ತಿದ್ದ ಬಿಲ್ಲವ ಮುಖಂಡ ಅರಸಪ್ಪ ಬ್ರಾಹ್ಮ ಸಮಾಜದ ಕಡೆ ನೋಡಿದರು. 1870ರಲ್ಲಿ ಕೇಶವಚಂದ್ರ ಸೇನರ ಕಡೆಯಿಂದ ಪ್ರಚಾರಕರು ಮಂಗಳೂರಿಗೆ ಬಂದರು.

ಉಳ್ಳಾಲ ರಘುನಾಥಯ್ಯನವರಂಥ ಸಾರಸ್ವತರೂ ಇದರತ್ತ ಒಲಿದರು. ಆದರೆ ಬಿಲ್ಲವರ ಜೊತೆ ಒಂದೇ ಚಾಪೆಯಲ್ಲಿ ಕೂರಲು ಹಿಂಜರಿಕೆ. ಹಾಗಾಗಿ ಮೊದಲಿಗೆ 'ಉಪಾಸನಾ ಸಭಾ' ಎಂದು ಬೇರೆಯೇ ಒಂದು ಕೂಟ ಮಾಡಿಕೊಂಡರು, ಎರಡೂ ಒಂದಾದದ್ದು ಆಮೇಲೆ. ಅಂದ್ರೆ ಜಾತಿಯಿಲ್ಲ ಅನ್ನುವ ಪ್ರಾರ್ಥನೆಯೇ ಎರಡು ಕಡೆ ನಡೆಯಿತು! ಇದನ್ನು ನಾನು ಅಣಕಿಸಲು ಹೇಳ್ತಿಲ್ಲ. ನಂಬಿಕೆ ನಾಲಿಗೆಗೆ ಬೇಗ ಬರುತ್ತದೆ, ಮೈಗೆ ಬರಲು ತಡವಾಗುತ್ತದೆ. ಆ ನಂಬಿಕೆಯನ್ನು ಮೈಗೆ ತಂದುಕೊಂಡವರಲ್ಲಿ ರಂಗರಾಯರು ಮುಖ್ಯರು. ಅದಕ್ಕೆ ಅವರು ಕೊಟ್ಟ ಬೆಲೆ ಸ್ವಂತ ಸಮುದಾಯದ ಬಹಿಷ್ಕಾರ.

ಚಿಲಿಂಬಿಯ ಶಾಲೆ

ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದ ರಂಗರಾಯರು ಮೊದಲು ಶಿಕ್ಷಕರಾಗಿ, ಆಮೇಲೆ ವಕೀಲರಾಗಿ ಬದುಕಿದವರು. ಅವರ ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಓದು ಬಲ್ಲ ದಲಿತ ಯುವಕನೊಬ್ಬನಿಗೆ ಮಂಗಳೂರಿನ ಕೋರ್ಟಿನಲ್ಲಿ ಜವಾನನ ಕೆಲಸ ಸಿಕ್ಕಿತು, ಮೇಲ್ಜಾತಿಯವರ ವಿರೋಧದಿಂದ ಆ ಕೆಲಸದಲ್ಲಿ ಅವನಿಗೆ ಉಳಿಯಲಾಗಲಿಲ್ಲ. ನ್ಯಾಯ ಹಂಚುವ ಕಟ್ಟಡದೊಳಗೇ ನಡೆದ ಈ ಅನ್ಯಾಯ ರಂಗರಾಯರನ್ನು ಕಲಕಿತು ಎಂದು ಹೇಳುತ್ತಾರೆ.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ. ಮಗು ಶಾಲೆಗೆ ಬಂದರೆ ಮನೆಗೆ ಒಂದು ಜೊತೆ ದುಡಿಯುವ ಕೈ ಕಡಿಮೆ. ದನ ಕಾಯಲು, ಧಣಿಯ ಗದ್ದೆಯಲ್ಲಿ ದುಡಿಯಲು ಮಕ್ಕಳೂ ಬೇಕಿತ್ತು. ರಂಗರಾಯರು ಇದನ್ನು ಅರ್ಥಮಾಡಿಕೊಂಡರು. ಹಾಜರಾದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು, ಮಧ್ಯಾಹ್ನ ಊಟ ಹಾಕಿಸುತ್ತಿದ್ದರು ಎಂದು ಅವರ ಚರಿತ್ರೆಗಳು ಹೇಳುತ್ತವೆ. ವಿರೋಧದ ಕಾರಣ ಶಾಲೆಯ ಜಾಗವನ್ನೇ ಬದಲಾಯಿಸಬೇಕಾಯಿತು. 1897ರಲ್ಲಿ 'ಡಿಪ್ರೆಸ್ಡ್ ಕ್ಲಾಸಸ್ ಮಿಷನ್' ಸ್ಥಾಪನೆಯಾಯಿತು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬೈಯಲ್ಲಿ ಇದೇ ಹೆಸರಿನ ಸಂಸ್ಥೆಯನ್ನು ಕಟ್ಟಿದ್ದು 1906ರಲ್ಲಿ. ಅಂದರೆ ಮಂಗಳೂರು ಒಂಬತ್ತು ವರ್ಷ ಮುಂದಿತ್ತು.

ಆಮೇಲೆ ಕೆಲಸ ಕವಲೊಡೆಯಿತು. ಉಡುಪಿ, ಮೂಲ್ಕಿ ಕಡೆ ಶಾಲೆಗಳು, ವಸತಿಗೃಹ, ನೇಯ್ಗೆಯಂಥ ಕಸುಬಿನ ತರಬೇತಿ, ಮನೆ ಕಟ್ಟಿಕೊಳ್ಳಲು ಜಾಗ, ಸ್ಥಳೀಯ ಆಡಳಿತದಲ್ಲಿ ದಲಿತರಿಗೆ ಪ್ರಾತಿನಿಧ್ಯ ಬೇಕೆಂಬ ಒತ್ತಾಯ. ಈ ಪಟ್ಟಿಯ ಕ್ರಮವನ್ನು ನೋಡಿ: ಅಕ್ಷರ, ಅನ್ನ, ಸೂರು, ಕಸುಬು, ಕೊನೆಗೆ ಕುರ್ಚಿ. ಅಕ್ಷರ ಒಂದರಿಂದಲೇ ಎಲ್ಲ ಬಂದುಬಿಡುತ್ತದೆ ಅನ್ನುವ ಭ್ರಮೆ ಇಲ್ಲಿಲ್ಲ. ಬಾಡಿಗೆಯ ನೆಲದಲ್ಲಿ ನಿಂತವನಿಗೆ, ಓಡಿಸಿದರೆ ಎಲ್ಲಿಗೆ ಹೋಗುವುದು ಎಂಬ ಹೆದರಿಕೆ ಇರುವ ತನಕ, ಓದು ಧೈರ್ಯ ಕೊಡುವುದಿಲ್ಲ. ರಂಗರಾಯರ ಕೆಲಸದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಈ ತಿಳಿವಳಿಕೆ.

ಇನ್ನೊಂದು ಮಾತು ಭಾಷೆಯದ್ದು. ಈ ಮಕ್ಕಳ ಮನೆಮಾತು ಹೆಚ್ಚಾಗಿ ತುಳು. ಶಾಲೆಯದು ಕನ್ನಡ. ಅವರಿಗೆ ಕನ್ನಡ ಅಂದರೆ ಕೋರ್ಟಿನ, ಪತ್ರದ, ಅರ್ಜಿಯ ಭಾಷೆ. ನಾವು ಗಡಿನಾಡಿನಲ್ಲಿ ಕನ್ನಡವನ್ನು 'ತಾಯಿನುಡಿ' ಎಂದು ಭಾವುಕವಾಗಿ ಹೇಳುವಾಗ, ಕೆಲವರಿಗೆ ಅದು ತಡವಾಗಿ, ಕಷ್ಟಪಟ್ಟು ದಕ್ಕಿದ ಹಕ್ಕಿನ ಭಾಷೆಯೂ ಆಗಿತ್ತು ಎಂಬುದನ್ನು ಮರೀಬಾರದು.

ಇನ್ನೆರಡು ದಾರಿಗಳು

ಈಗ ಹೋಲಿಕೆಗೆ ಬರೋಣ. ತಿರುವಿತಾಂಕೂರು ಸಂಸ್ಥಾನದಲ್ಲಿ ಅಯ್ಯಂಕಾಳಿ 1907ರಲ್ಲಿ ಸಾಧುಜನ ಪರಿಪಾಲನ ಸಂಘ ಕಟ್ಟಿದರು. ಅವರು ಕೇಳಿದ್ದು ಬೇರೆ ಶಾಲೆಯನ್ನಲ್ಲ, ಇದ್ದ ಶಾಲೆಯನ್ನೇ. ನಮ್ಮ ಮಕ್ಕಳಿಗೆ ಪ್ರವೇಶ ಇಲ್ಲದಿದ್ದರೆ ನಿಮ್ಮ ಗದ್ದೆಗೆ ನಾವಿಲ್ಲ ಎಂದು ಕೃಷಿ ಕೂಲಿಗಳು ಮುಷ್ಕರ ಹೂಡಿದರು. ಪಂಚಮಿ ಎಂಬ ಹುಡುಗಿಯ ಕೈ ಹಿಡಿದು ಅಯ್ಯಂಕಾಳಿ ಊರೂಟ್ಟಂಬಲದ ಶಾಲೆಗೆ ಹೋದಾಗ ಗಲಭೆಯಾಯಿತು, ಶಾಲೆಗೇ ಬೆಂಕಿ ಬಿತ್ತು.

ಇತ್ತ ಸೋಲಾಪುರದಲ್ಲಿ 1925ರ ಜನವರಿಯಲ್ಲಿ, ಅಂಬೇಡ್ಕರರು ಹಿಂದಿನ ವರ್ಷ ಸ್ಥಾಪಿಸಿದ್ದ ಬಹಿಷ್ಕೃತ ಹಿತಕಾರಿಣಿ ಸಭೆ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆಯಿತು. ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಸುವ ಊರು ಅದು. ವಸತಿಗೃಹದ ಉದ್ದೇಶ ರಂಗರಾಯರದ್ದೇ, ಆದರೆ ನಡೆಸುವವರು ಬೇರೆ. ಪಡೆಯುವವರೇ ನಡೆಸುವವರೂ ಆದರು.

ಹಾಗಾದರೆ ಮೂರು ದಾರಿ: ನಾವು ನಿಮಗೆ ಶಾಲೆ ಕಟ್ಟುತ್ತೇವೆ, ನಿಮ್ಮ ಶಾಲೆ ನಮ್ಮದೂ ಹೌದು, ನಮಗೆ ಬೇಕಾದ್ದನ್ನು ನಾವೇ ಕಟ್ಟಿಕೊಳ್ಳುತ್ತೇವೆ. ಮೊದಲನೆಯದಕ್ಕೆ ಎರಡನೆಯದನ್ನು ಎತ್ತಿಕಟ್ಟಿ ರಂಗರಾಯರನ್ನು ಸಣ್ಣವರನ್ನಾಗಿ ಮಾಡುವುದು ಸುಲಭ. ನಾನೂ ಮೊದಲು ಹಾಗೇ ಬರೆದಿದ್ದೆ, ಈಗ ಒಪ್ಪುವುದಿಲ್ಲ. ಬೆಂಕಿ ಬಿದ್ದ ಶಾಲೆಯ ಮಗುವಿಗೆ ಮರುದಿನ ಪಾಠ ಬೇಕಲ್ಲ? ಅಂಥ ಪಾಠದ ಜಾಗ ಚಿಲಿಂಬಿಯದ್ದು. ಆದರೆ ಬೇರೆ ಶಾಲೆಯೇ ಸಾಕು ಎಂದುಕೊಂಡರೆ ಊರಿನ ಶಾಲೆ ನೆಮ್ಮದಿಯಾಗಿ ಹಳೆಯ ಹಾಗೇ ಉಳಿಯುತ್ತದೆ. ಬೇರೆ ಶಾಲೆಯ ಯಶಸ್ಸನ್ನು ಅಳೆಯಬೇಕಾದದ್ದು ಅದು ಎಷ್ಟು ಬೇಗ ಅನಗತ್ಯವಾಯಿತು ಎಂಬುದರಿಂದ.

ಧೂಳಿನ ಆಸೆ

ರಂಗರಾಯರು 1927ರಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದರಾದರು, 1928ರ ಜನವರಿ 30ರಂದು ತೀರಿಕೊಂಡರು. ಅವರ ಕೊನೆಯ ಆಸೆ ಕರಾವಳಿಯಲ್ಲಿ ಬಹಳ ಜನರಿಗೆ ಗೊತ್ತು. ತಮ್ಮ ಶಾಲೆಯಲ್ಲಿ ಓದಿದ ದಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು ಎಂಬ ಅರ್ಥದ ಮಾತು.

ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಇಲ್ಲಿ ನಿಲ್ಲುತ್ತೇನೆ. ನಮ್ಮ ಭಕ್ತಿ ಪರಂಪರೆಯಲ್ಲಿ ಪಾದಧೂಳಿ ಅಂದರೆ ದೇವರದ್ದು, ಗುರುವಿನದ್ದು, ಶರಣರದ್ದು. ರಂಗರಾಯರು ಆ ಹಳೆಯ ಮಾತನ್ನು ಹಿಡಿದು ತಲೆಕೆಳಗು ಮಾಡಿದ್ದಾರೆ. ಗುರುವಿನ ತಲೆಯ ಮೇಲೆ ಶಿಷ್ಯನ ಧೂಳು. ಅದೂ ಬರಿಗಾಲಿನ ಧೂಳಲ್ಲ, ಕಾರಿನದ್ದು. ಮೇಲ್ಜಾತಿಯ ಬೀದಿಯಲ್ಲಿ ನಡೆಯಲು ಹೆದರುತ್ತಿದ್ದವರ ಮಕ್ಕಳು ಅದೇ ದಾರಿಯಲ್ಲಿ ವೇಗವಾಗಿ ಹೋಗಬೇಕು ಎಂಬ ಆಸೆ ಅದು. ಕರುಣೆ ಕೊಡುವವನನ್ನು ಮೇಲೆ ಇಡುತ್ತದೆ. ಈ ಆಸೆ ಅವನನ್ನು ನೆಲದಡಿಯಲ್ಲಿ ಇಡುತ್ತದೆ.

ಹಾಗಿದ್ದೂ ಒಂದು ಕೊರತೆ ಉಳಿಯುತ್ತದೆ. ಈ ಮಾತು ಗುರುವಿನದ್ದು. ಕಾರಿನಲ್ಲಿ ಕೂತ ಮಗು ಏನು ಹೇಳಿತು? ನಾವು ಓದುವ ಚರಿತ್ರೆಗಳಲ್ಲಿ ರಂಗರಾಯರ ತ್ಯಾಗ ಇದೆ, 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರ ಮೆಚ್ಚುಗೆ ಇದೆ. ಎರಡು ಪೈಸೆ ಕೈಯಲ್ಲಿ ಹಿಡಿದು ಮನೆಗೆ ಹೋದ ಮಗುವಿನ ದನಿ ಕಾಣುವುದೇ ಅಪರೂಪ. 'ಉದ್ಧಾರ' ಎಂಬ ಪದದ ತೊಂದರೆಯೇ ಇದು. ಅದರಲ್ಲಿ ಕರ್ತೃ ಯಾವಾಗಲೂ ಎತ್ತುವವನು, ಎತ್ತಲ್ಪಡುವವರು ಕರ್ಮಪದ. ಗೌರವ ಬರುವುದು ವಾಕ್ಯದಲ್ಲಿ ಅವರು ಕರ್ತೃವಾದಾಗ.

ಒಂದು ಪ್ರಶ್ನೆಗೆ ಉತ್ತರ

ಮಾತಿನ ನಡುವೆ ಅಧ್ಯಾಪಕರೊಬ್ಬರು ಕೇಳಿದರು: ಇದೆಲ್ಲ ನೂರು ವರ್ಷದ ಹಿಂದಿನದ್ದು, ಇವತ್ತಿನ ಗಡಿಗೆ ಏನು ಸಂಬಂಧ? ಸಂಬಂಧ ಇದೆ ಸರ್. ಕೊರಗರು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲೂ ಇದ್ದಾರೆ, ಕಾಸರಗೋಡಿನಲ್ಲೂ ಇದ್ದಾರೆ. ಅವರನ್ನು ಕೀಳಾಗಿ ಕಂಡು, ಉಗುರು ಕೂದಲು ಬೆರೆಸಿದ ಅನ್ನ ಉಣ್ಣಿಸುವ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ನಿಷೇಧಿಸಿತು. ಆ ಕಾಯ್ದೆ ತಲಪಾಡಿಯ ಗಡಿಗೆ ಬಂದು ನಿಲ್ಲುತ್ತದೆ. ಆಚೆ ಕಡೆ 1989ರ ಕೇಂದ್ರದ ದೌರ್ಜನ್ಯ ತಡೆ ಕಾಯ್ದೆ ಇದೆ, ನಿಜ. ಆದರೆ ಒಂದೇ ಸಮುದಾಯದ ನೋವಿಗೆ ಈಚೆ ಒಂದು ಹೆಸರು, ಆಚೆ ಇನ್ನೊಂದು. ಕನ್ನಡದ ಗಡಿ ಎಂದರೆ ನಾವು ಫಲಕ, ಪಠ್ಯಪುಸ್ತಕ, ಶಾಲೆಯ ಮಾಧ್ಯಮ ಇವುಗಳ ಬಗ್ಗೆ ಮಾತಾಡ್ತೇವೆ. ಬೇಕಾದದ್ದೇ. ಆ ಮಾತಿನೊಳಗೆ ಕೊರಗರ, ಮೊಗೇರರ ಮಕ್ಕಳ ಲೆಕ್ಕ ಇದೆಯಾ ಎಂದೂ ಕೇಳಿಕೊಳ್ಳಬೇಕು.

ನಮ್ಮ ವಿಭಾಗಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮಿಷನ್ ಶಾಲೆಗಳಲ್ಲಿ ಓದಿದವರ ಮಕ್ಕಳು, ಮೊಮ್ಮಕ್ಕಳು ಗಡಿಯ ಎರಡೂ ಕಡೆ ಇದ್ದಾರೆ. ಅವರ ಮನೆಗಳಲ್ಲಿ ಉಳಿದ ನೆನಪನ್ನು ತುಳುವಿನಲ್ಲೇ ಕೇಳಿ, ತುಳುವಿನಲ್ಲೇ ಬರೆದುಕೊಂಡು, ಆಮೇಲೆ ಕನ್ನಡಕ್ಕೆ ತರಬೇಕು. ಹೇಳಿದವರು ಒಪ್ಪಿದರೆ ಮಾತ್ರ ಅವರ ಹೆಸರಿನಲ್ಲೇ ಅಚ್ಚು ಮಾಡಬೇಕು. ರಂಗರಾಯರ ಧೂಳಿನ ಆಸೆಗೆ ಆ ಕಡೆಯಿಂದ ಒಂದು ಉತ್ತರ ಬಂದೀತು. ಅದು ಮೆಚ್ಚುಗೆಯೇ ಆಗಿರಬೇಕೆಂದಿಲ್ಲ, ಜಗಳವೂ ಆಗಿರಬಹುದು. ಆಗಲೂ ಕೇಳೋಣ.