ನೆಲ ನೀರಾಗುವ ಬಗೆ

1964ರ ಜೂನ್ 16. ಜಪಾನಿನ ನೀಗಾಟ ನಗರವನ್ನು 7.5 ಪ್ರಮಾಣದ ಭೂಕಂಪ ಅಲುಗಿಸಿತು. ಕವಾಗಿಶಿ-ಚೋ ಬಡಾವಣೆಯ ಕಾಂಕ್ರೀಟ್ ವಸತಿ ಕಟ್ಟಡಗಳು ಒಡೆಯಲಿಲ್ಲ, ಇಡಿಯಾಗಿಯೇ ವಾಲಿದವು. ಒಂದಂತೂ ಹೆಚ್ಚುಕಡಿಮೆ ನೆಲಕ್ಕೇ ಒರಗಿತು. ಶಿನಾನೊ ನದಿಗೆ ಹೊಸದಾಗಿ ಕಟ್ಟಿದ್ದ ಶೋವಾ ಸೇತುವೆಯ ಅಂಕಣಗಳು ನೀರಿಗೆ ಬಿದ್ದವು. ಗಟ್ಟಿ ಕಟ್ಟಡ ಹೀಗೇಕೆ ಉರುಳಿತು? ಉತ್ತರ ಅಡಿಪಾಯದ ಕೆಳಗಿನ ಮರಳಿನಲ್ಲಿತ್ತು.

ನೀರು ತುಂಬಿದ ಸಡಿಲ ಮರಳಿನಲ್ಲಿ ಕಣಕ್ಕೆ ಕಣ ಆತುಕೊಂಡು ಮೇಲಿನ ಭಾರ ಹೊರುತ್ತದೆ. ಕುಲುಕಿದಾಗ ಸೇರಿನಲ್ಲಿರುವ ಅಕ್ಕಿ ತಗ್ಗುವಂತೆ, ಕಂಪನಕ್ಕೆ ಈ ಕಣಗಳೂ ಒತ್ತಾಗಿ ಕೂರಲು ನೋಡುತ್ತವೆ. ಆದರೆ ನಡುವಿನ ನೀರಿಗೆ ಅಷ್ಟು ಬೇಗ ಹೊರಹೋಗಲು ದಾರಿಯಿಲ್ಲ. ಅದರ ಒತ್ತಡ ಏರುತ್ತದೆ, ಕಣಗಳು ಪರಸ್ಪರ ಹಿಡಿತ ಬಿಡುತ್ತವೆ, ಭಾರವೆಲ್ಲ ನೀರಿನ ಪಾಲಾಗುತ್ತದೆ. ಆ ಕ್ಷಣಕ್ಕೆ ನೆಲ ದ್ರವ. ಭಾರದ ಕಟ್ಟಡ ಮುಳುಗುತ್ತದೆ. ನೆಲದಡಿಯ ಖಾಲಿ ಟ್ಯಾಂಕು ತೇಲಿ ಮೇಲೇಳುತ್ತದೆ.

ಇದನ್ನು ನಮ್ಮ ದೇಶ ಮೂವತ್ತು ವರ್ಷ ಮೊದಲೇ ಕಂಡಿತ್ತು. 1934ರ ಜನವರಿ 15ರ ಭೂಕಂಪದಲ್ಲಿ ಉತ್ತರ ಬಿಹಾರದ ಮೆಕ್ಕಲು ಬಯಲು ಸುಮಾರು 300 ಕಿ.ಮೀ. ಉದ್ದಕ್ಕೆ ಕುಸಿಯಿತು. ಮನೆಗಳು ಹೂತುಹೋದವು, ಬಿರುಕುಗಳಿಂದ ಚಿಮ್ಮಿದ ಮರಳು ಹೊಲಗಳನ್ನು ಮುಚ್ಚಿತು. ಭೂವಿಜ್ಞಾನಿಗಳು ಆ ಕುಸಿತದ ಪಟ್ಟಿಯನ್ನು ನಕ್ಷೆಯಲ್ಲಿ ಗುರುತಿಸಿ 1939ರಲ್ಲಿ ವಿವರವಾದ ವರದಿ ಕೊಟ್ಟರು. ಆದರೆ ಯಾವ ನೆಲ ಕೈಕೊಡುತ್ತದೆಂದು ಮೊದಲೇ ಲೆಕ್ಕಹಾಕುವ ವಿಧಾನ ಆಗ ಇರಲಿಲ್ಲ.

ಆ ವಿಧಾನ ಹುಟ್ಟಿದ್ದು ನೀಗಾಟದ ನಂತರ. ಬರ್ಕ್ಲಿಯ ಎಚ್. ಬೋಲ್ಟನ್ ಸೀಡ್ ಮತ್ತು ಐ.ಎಂ. ಇದ್ರಿಸ್ 1971ರಲ್ಲಿ ಎಂಜಿನಿಯರುಗಳ ಕೈಗೆಟಕುವ ಸರಳ ಲೆಕ್ಕವೊಂದನ್ನು ಮುಂದಿಟ್ಟರು. ಕೊರೆದ ಗುಂಡಿಯ ತಳದಲ್ಲಿ ಕೊಳವೆಯೊಂದು 30 ಸೆಂ.ಮೀ. ಇಳಿಯಲು ಸುತ್ತಿಗೆಯ ಎಷ್ಟು ಪೆಟ್ಟು ಬೇಕೆಂದು ಎಣಿಸುವ ಪರೀಕ್ಷೆಗೆ ಈ ಲೆಕ್ಕ ಜೋಡಿಯಾಯಿತು. ಪೆಟ್ಟು ಕಡಿಮೆಯಾದಷ್ಟೂ ಮರಳು ಸಡಿಲ, ಅಪಾಯ ಹೆಚ್ಚು. ಭಾರತದ ಭೂಕಂಪ ಸಂಹಿತೆ ಐಎಸ್ 1893ರ 2016ರ ಆವೃತ್ತಿಯಲ್ಲೂ ಇಂಥ ಲೆಕ್ಕದ ಕ್ರಮವಿದೆ.

ಪರಿಹಾರವೂ ಕೈಯಲ್ಲಿದೆ. 2011ರ ಭೂಕಂಪದಲ್ಲಿ ಟೋಕಿಯೊ ಪಕ್ಕದ ಉರಯಾಸುವಿನಲ್ಲಿ, ಸಮುದ್ರ ತುಂಬಿಸಿ ಪಡೆದ ನೆಲ ಕೆಸರುಗಟ್ಟಿತು. ಅಲ್ಲೇ ಮೊದಲೇ ಮರಳನ್ನು ಬಿಗಿಗೊಳಿಸಿದ್ದ ಜಾಗಗಳು ಉಳಿದುಕೊಂಡವು. ನದಿ ಬಯಲಿನಲ್ಲಿ, ತುಂಬಿಸಿದ ಕೆರೆಯಂಗಳದಲ್ಲಿ, ಕಡಲ ದಂಡೆಯಲ್ಲಿ ಕಟ್ಟುವವರು ಕಬ್ಬಿಣ, ಸಿಮೆಂಟಿನಷ್ಟೇ ಆಸ್ಥೆಯಿಂದ ಮಣ್ಣಿನ ಪರೀಕ್ಷೆ ಮಾಡಿಸಬೇಕು. ಬಿಹಾರದ ಜನರಿಗೆ 1934ರಲ್ಲಿ ಆ ಅವಕಾಶವಿರಲಿಲ್ಲ, ನಮಗಿದೆ.