ಮಲಿನ ಪರಿಸರದಲ್ಲಿ ಪ್ಲಾಸ್ಮಿಡ್‌ಗಳ ಪತ್ತೆ: ತುಂಗಭದ್ರಾ ತೀರವನ್ನು ಕುರಿತು ಒಂದು ವಿವೇಚನೆ

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ರೂಪುಗೊಳ್ಳುವ ತುಂಗಭದ್ರೆಯು ಹೊನ್ನಾಳಿಯನ್ನು ಹಾದು ಹರಿಹರಕ್ಕೆ ಬರುತ್ತದೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಅದರ ತ್ಯಾಜ್ಯನೀರಿನ ವಿರುದ್ಧ 1980ರ ದಶಕದಲ್ಲಿ ನಡೆದ ಹೋರಾಟವು ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಮೂಲಕ ನಾಡಿನ ಗಮನ ಸೆಳೆಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಪ್ರಕಟಿಸಿದ ಕಲುಷಿತ ನದೀಭಾಗಗಳ ಪಟ್ಟಿಯಲ್ಲಿಯೂ ತುಂಗಭದ್ರೆಯ ಹೆಸರಿದೆ. ನೀರಿನ ಬಣ್ಣ, ದುರ್ವಾಸನೆ, ತೇಲುವ ಸತ್ತ ಮೀನು ಇವು ಮಾಲಿನ್ಯದ ಪ್ರತ್ಯಕ್ಷ ಸಾಕ್ಷ್ಯಗಳು. ಕಣ್ಣಿಗೆ ಕಾಣದ ಇನ್ನೊಂದು ಸಾಕ್ಷ್ಯವು ನೀರಿನ ಬ್ಯಾಕ್ಟೀರಿಯಾಗಳ ಒಳಗಿರುತ್ತದೆ. ಅದೇ ಪ್ಲಾಸ್ಮಿಡ್.

ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಿಂದ ಪ್ರತ್ಯೇಕವಾಗಿದ್ದು, ತನ್ನ ಪ್ರತಿಯನ್ನು ತಾನೇ ಮಾಡಿಕೊಳ್ಳಬಲ್ಲ, ಸಾಮಾನ್ಯವಾಗಿ ಉಂಗುರದಾಕಾರದ ಡಿಎನ್‌ಎ ತುಣುಕಿಗೆ ಈ ಹೆಸರು. ಜೋಶುವ ಲೆಡರ್‌ಬರ್ಗ್ 1952ರಲ್ಲಿ ಈ ಪದವನ್ನು ಬಳಕೆಗೆ ತಂದರು. ಇದು ತಾಯಿಕೋಶದಿಂದ ಮರಿಕೋಶಕ್ಕೆ ಹೋಗುವುದಲ್ಲದೆ, ನೆರೆಯ ಕೋಶಕ್ಕೂ, ಎಷ್ಟೋ ವೇಳೆ ಬೇರೆ ಜಾತಿಯ ಕೋಶಕ್ಕೂ ದಾಟಬಲ್ಲದು. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ವಿದ್ಯಮಾನ ಅಪರಿಚಿತವಲ್ಲ. ಮೂಲಪ್ರತಿಯಿಂದ ಇಳಿದು ಬಂದ ಪಾಠವನ್ನು ವಂಶವೃಕ್ಷದಲ್ಲಿ ತೋರಿಸಬಹುದು. ಆದರೆ ಒಂದು ಶಾಖೆಯ ಪದ್ಯವನ್ನು ಲಿಪಿಕಾರನು ಮತ್ತೊಂದು ಶಾಖೆಯ ಪ್ರತಿಗೆ ಸೇರಿಸಿದನೆಂದರೆ ಆ ವೃಕ್ಷದ ಗೆರೆಗಳು ಅಡ್ಡಾದಿಡ್ಡಿಯಾಗುತ್ತವೆ. ಪ್ಲಾಸ್ಮಿಡ್ ಅಂತಹ ಸಂಚಾರಿ ಪದ್ಯ.

ಇದರ ಮಹತ್ವ ಮೊದಲು ಮನವರಿಕೆಯಾದದ್ದು ಜಪಾನಿನಲ್ಲಿ. ಹಲವು ಔಷಧಗಳಿಗೆ ಏಕಕಾಲದಲ್ಲಿ ಬಗ್ಗದ ಆಮಶಂಕೆಯ ಬ್ಯಾಕ್ಟೀರಿಯಾಗಳು ಆ ಗುಣವನ್ನು ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾಗಳೊಡನೆ ಹಂಚಿಕೊಳ್ಳುತ್ತವೆಂಬುದು 1959ರ ಹೊತ್ತಿಗೆ ಅಲ್ಲಿ ಕಂಡುಬಂದಿತು. ಪ್ಲಾಸ್ಮಿಡ್‌ಗೆ ಉಪಕಾರದ ಮುಖವೂ ಇದೆ. ಆನಂದ ಮೋಹನ ಚಕ್ರವರ್ತಿಯವರು ಕಚ್ಚಾ ತೈಲದ ಘಟಕಗಳನ್ನು ವಿಘಟಿಸುವ ಪ್ಲಾಸ್ಮಿಡ್‌ಗಳನ್ನು ಒಂದೇ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದಲ್ಲಿ ಕೂಡಿಸಿದರು. ಅದರ ಪೇಟೆಂಟನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ಎತ್ತಿಹಿಡಿಯಿತು.

ಮಲಿನ ಪರಿಸರವು ಪ್ಲಾಸ್ಮಿಡ್‌ಗಳಿಗೆ ಏಕೆ ಅನುಕೂಲವೆಂಬುದು ಮುಂದಿನ ಪ್ರಶ್ನೆ. ಪಾದರಸದಂತಹ ಲೋಹವನ್ನು ತಾಳಿಕೊಳ್ಳುವ ಜೀನು ಹಾಗೂ ಪ್ರತಿಜೈವಿಕ ಔಷಧವನ್ನು ತಡೆಯುವ ಜೀನು ಒಂದೇ ಪ್ಲಾಸ್ಮಿಡ್‌ನಲ್ಲಿ ಇರುವುದುಂಟು. ಆಗ ನೀರಿನಲ್ಲಿ ಲೋಹವಿದ್ದರೆ ಸಾಕು, ಔಷಧದ ಲೇಶವಿಲ್ಲದಿದ್ದರೂ ಔಷಧನಿರೋಧವು ಉಳಿದುಕೊಳ್ಳುತ್ತದೆ. ಔಷಧವೇ ನೀರಿಗೆ ಸೇರಿದ ನಿದರ್ಶನ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನದು. ಅಲ್ಲಿನ ಔಷಧ ಕಾರ್ಖಾನೆಗಳ ಸಂಸ್ಕರಿತ ತ್ಯಾಜ್ಯನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದುದನ್ನು 2007ರ ಅಧ್ಯಯನ ತಿಳಿಸಿತು; ಆ ಪ್ರದೇಶದ ನದಿಯ ಕೆಸರಿನಲ್ಲಿ ನಿರೋಧಕ ಜೀನುಗಳೂ ಅವುಗಳ ವಾಹಕಗಳೂ ಹೇರಳವಾಗಿರುವುದನ್ನು 2011ರ ಅಧ್ಯಯನ ತೋರಿಸಿತು.

ಪತ್ತೆಯ ಸಾಂಪ್ರದಾಯಿಕ ಮಾರ್ಗ ಹೀಗಿದೆ. ನೀರು ಅಥವಾ ಕೆಸರಿನ ಮಾದರಿಯನ್ನು ತಣ್ಣಗಿಟ್ಟು ತಂದು, ಔಷಧ ಬೆರೆಸಿದ ಅಗಾರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಲಾಗುತ್ತದೆ. ಬೆಳೆದ ಕೋಶಗಳನ್ನು ಕ್ಷಾರದಿಂದ ಒಡೆದು ಬಳಿಕ ಕ್ಷಾರವನ್ನು ಶಮನಗೊಳಿಸಿದಾಗ ದೊಡ್ಡ ವರ್ಣತಂತು ಗಂಟುಗಟ್ಟಿ ತಳ ಸೇರುತ್ತದೆ. ಪುಟ್ಟ ಪ್ಲಾಸ್ಮಿಡ್ ದ್ರವದಲ್ಲಿ ಉಳಿಯುತ್ತದೆ. ಬರ್ನ್‌ಬಾಯ್ಮ್ ಮತ್ತು ಡೋಲಿ 1979ರಲ್ಲಿ ವಿವರಿಸಿದ ಕ್ರಮವಿದು. ಅಗರೋಸ್ ಜೆಲ್‌ನಲ್ಲಿ ವಿದ್ಯುತ್ ಹಾಯಿಸಿದರೆ ಪ್ಲಾಸ್ಮಿಡ್ ಪಟ್ಟಿಯಾಗಿ ಕಾಣುತ್ತದೆ. ಆದರೆ ಪಟ್ಟಿ ಕಂಡ ಮಾತ್ರಕ್ಕೆ ನಿರೋಧಗುಣ ಅದರಲ್ಲಿಯೇ ಇದೆಯೆನ್ನಲಾಗದು. ಅಕ್ರಿಡಿನ್ ಆರೆಂಜ್‌ನಂತಹ ವಸ್ತುವಿನಿಂದ ಪ್ಲಾಸ್ಮಿಡ್ಡನ್ನು ಕಳೆದಾಗ ಗುಣವೂ ಹೋಗಬೇಕು. ಬೇರೊಂದು ಬ್ಯಾಕ್ಟೀರಿಯಾಕ್ಕೆ ದಾಟಿಸಿದಾಗ ಗುಣವೂ ಜೊತೆಗೆ ಹೋಗಬೇಕು. ಇವೆರಡೂ ಕೂಡಿದಾಗ ಸಾಕ್ಷ್ಯ ಬಲವಾಗುತ್ತದೆ.

ಈ ಮಾರ್ಗದ ಮಿತಿಯೆಂದರೆ, ಪರಿಸರದ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಅದಕ್ಕೊಂದು ಪರಿಹಾರ, ಗುರುತಿರುವ ಬ್ಯಾಕ್ಟೀರಿಯಾವನ್ನು ಮಾದರಿಯೊಡನೆ ಬೆರೆಸಿ, ಅದಕ್ಕೆ ದಾಟಿಬಂದ ಪ್ಲಾಸ್ಮಿಡ್‌ಗಳನ್ನು ಹಿಡಿಯುವುದು. ಇಲ್ಲಿ ಪ್ಲಾಸ್ಮಿಡ್ ಸಿಗುತ್ತದೆ, ಅದರ ಮೂಲ ಆಶ್ರಯದಾತ ಯಾರೆಂಬುದು ತಿಳಿಯುವುದಿಲ್ಲ. ಮಾದರಿಯ ಒಟ್ಟು ಡಿಎನ್‌ಎಯಲ್ಲಿ ಪ್ಲಾಸ್ಮಿಡ್ ಕುಲಗಳ ಗುರುತುಗಳನ್ನು ಪಿಸಿಆರ್‌ನಿಂದ ಹುಡುಕುವುದು ಎರಡನೆಯ ಉಪಾಯ. ಇದು ಶೀಘ್ರವಾದುದಾದರೂ ಸತ್ತ ಕೋಶಗಳ ಡಿಎನ್‌ಎಯನ್ನೂ ಎಣಿಕೆಗೆ ಸೇರಿಸುತ್ತದೆ. ಒಟ್ಟು ಡಿಎನ್‌ಎಯ ಅನುಕ್ರಮವನ್ನು ಓದುವುದು ಮೂರನೆಯದು. ಚಿಕ್ಕ ತುಣುಕುಗಳ ಓದಿನಲ್ಲಿ ಜೀನು ವರ್ಣತಂತುವಿನದೋ ಪ್ಲಾಸ್ಮಿಡ್‌ನದೋ ಎಂಬುದು ಎಷ್ಟೋ ವೇಳೆ ಅಸ್ಪಷ್ಟ; ಈಚಿನ ದೀರ್ಘ ಓದಿನ ತಂತ್ರಗಳು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿವೆ.

ಹೀಗೆ ಜೀನು, ವಾಹಕ, ಆಶ್ರಯದಾತ ಎಂಬ ಮೂರು ಪ್ರಶ್ನೆಗಳಿವೆ. ಬಹುತೇಕ ವಿಧಾನಗಳು ಇವುಗಳಲ್ಲಿ ಒಂದೆರಡಕ್ಕಷ್ಟೇ ಉತ್ತರಿಸುತ್ತವೆ. ಆದುದರಿಂದ ಹರಿಹರದ ಬಳಿ ಇಂತಹ ಅಧ್ಯಯನ ಕೈಗೊಳ್ಳುವುದಾದರೆ, ತ್ಯಾಜ್ಯ ಸೇರುವ ಸ್ಥಳದ ಮೇಲಣ ಹಾಗೂ ಕೆಳಗಣ ಮಾದರಿಗಳನ್ನು ಮಳೆಗಾಲ ಮತ್ತು ಬೇಸಿಗೆಗಳೆರಡರಲ್ಲಿಯೂ ಸಂಗ್ರಹಿಸಿ, ಒಂದಕ್ಕಿಂತ ಹೆಚ್ಚು ವಿಧಾನಗಳಿಂದ ಪರೀಕ್ಷಿಸುವುದು ಅಗತ್ಯ. ಮೇಲಣ ಮಾದರಿಯಿಲ್ಲದೆ ಕೆಳಗಣ ಪ್ಲಾಸ್ಮಿಡ್ಡನ್ನು ಒಂದು ಕಾರ್ಖಾನೆಯ ಅಥವಾ ಒಂದು ಊರಿನ ಚರಂಡಿಯ ತಲೆಗೆ ಕಟ್ಟಲಾಗದು. ಹಾಗೆಯೇ ಯಾರನ್ನೂ ನಿರ್ದೋಷಿಯೆಂದು ಸಾರಲೂ ಆಗದು.

ಇದು ಪ್ರಯೋಗಾಲಯಕ್ಕೆ ಸೀಮಿತವಾದ ವಿಚಾರವಲ್ಲ. ದಾವಣಗೆರೆ ನಗರಕ್ಕೆ ಭದ್ರಾ ನಾಲೆಯ ನೀರಿನೊಡನೆ ರಾಜನಹಳ್ಳಿಯ ಬಳಿ ಎತ್ತಿದ ತುಂಗಭದ್ರೆಯ ನೀರೂ ಬರುತ್ತದೆ. ನಿಜಲಿಂಗಪ್ಪ ಬಡಾವಣೆಯಂತಹ ವಸತಿ ಪ್ರದೇಶದ ಮನೆಗಳು ನಲ್ಲಿಯಿಂದ ನೀರು ಪಡೆಯುತ್ತವೆ, ನುಂಗಿದ ಔಷಧದ ಶೇಷವನ್ನು ಚರಂಡಿಗೆ ಬಿಡುತ್ತವೆ. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯಾದರೂ ಅದರ ಡಿಎನ್‌ಎ ಪೂರ್ಣ ನಾಶವಾಗುತ್ತದೆಂಬ ಭರವಸೆಯಿಲ್ಲ. ಸತ್ತ ಮೀನು ಮಾಲಿನ್ಯದ ಸುದ್ದಿಯನ್ನು ಆ ದಿನವೇ ದಡಕ್ಕೆ ಮುಟ್ಟಿಸುತ್ತದೆ. ಪ್ಲಾಸ್ಮಿಡ್‌ನ ಸುದ್ದಿಯಾದರೋ ವರ್ಷಗಳ ನಂತರ, ಸಾಮಾನ್ಯ ಸೋಂಕಿಗೆ ಕೊಟ್ಟ ಔಷಧ ನಾಟದೆ ಹೋದಾಗ, ಆಸ್ಪತ್ರೆಯ ಹಾಸಿಗೆಯಲ್ಲಿ ತಿಳಿಯಬಹುದು. ಅದಕ್ಕೆ ಮುನ್ನವೇ ನದಿಯಲ್ಲಿ ಅದನ್ನು ಗುರುತಿಸುವುದು ಈ ಪತ್ತೆವಿಧಾನಗಳ ನಿಜವಾದ ಪ್ರಯೋಜನ.